ಐದು ಮನೆ, ಅದರಲ್ಲೊಂದು ಕ್ಯೂ: ಕಷ್ಟದ ಇಂಗ್ಲಿಷ್ ಪದಗಳನ್ನು ಹುಡುಕಿ ನೆನಪಿಡುವ ಬಗೆ

ಇಂತಿಷ್ಟೇ ಅಕ್ಷರಗಳಿರಬೇಕು, ಅವುಗಳಲ್ಲಿ ಇಂಥದೊಂದು ಅಕ್ಷರ ಇದ್ದೇ ಇರಬೇಕು ಎಂಬ ಕರಾರಿನ ಮೇಲೆ ಇಂಗ್ಲಿಷ್ ಪದಗಳನ್ನು ಹುಡುಕುವ ಕೆಲಸ ಒಂದು ಕಾಲಕ್ಕೆ ಪತ್ರಿಕೆಯ ಪದಬಂಧ ತುಂಬುವವರಿಗೆ ಮತ್ತು ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಡುವವರಿಗೆ ಮಾತ್ರ ಬೀಳುತ್ತಿತ್ತು. ಜಾಶ್ ವಾರ್ಡಲ್ ಎಂಬವರು ರೂಪಿಸಿದ ವರ್ಡಲ್ ಆಟ 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಸಿಗುವಂತಾಗಿ, 2022ರ ಜನವರಿಯ ಕೊನೆಗೆ ಅದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡ ಮೇಲೆ, ಐದಕ್ಷರದ ಪದವೊಂದನ್ನು ಆರು ಯತ್ನಗಳೊಳಗೆ ಕಂಡುಹಿಡಿಯುವ ಚಟ ಬೆಳಗಿನ ಕಾಫಿಯ ಜೊತೆಗೆ ನಮ್ಮ ಮನೆಗಳಿಗೂ ಬಂದಿದೆ. ಇಂಥ ಪದಗಳ ಸಿದ್ಧಪಟ್ಟಿಗಳು ಅಂತರಜಾಲದಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿಕೊಂಡವರಿಗೆ ಸಮಯಕ್ಕೆ ಸರಿಯಾಗಿ ಪದ ಹೊಳೆಯುವುದು ಅಪರೂಪ. ಆ ಅಕ್ಷರ ಎಷ್ಟನೆಯ ಮನೆಯಲ್ಲಿ ಕೂರಲು ಬಯಸುತ್ತದೆ, ಪಕ್ಕದಲ್ಲಿ ಯಾರಿದ್ದರೆ ಕೂರುತ್ತದೆ, ಯಾರಿದ್ದರೆ ಕೂರುವುದಿಲ್ಲ ಎಂಬುದನ್ನು ಒಮ್ಮೆ ಅರಿತುಕೊಂಡರೆ ಪಟ್ಟಿಯನ್ನು ನಾವೇ ಬರೆದುಕೊಳ್ಳಬಹುದು, ಮರೆತರೂ ಮತ್ತೆ ಕಟ್ಟಿಕೊಳ್ಳಬಹುದು.

ಇಲ್ಲಿ ಕ್ಯೂ ಅಕ್ಷರವಿರುವ ಐದಕ್ಷರದ ಪದಗಳನ್ನೇ ಉದಾಹರಣೆಗೆ ಎತ್ತಿಕೊಂಡಿದ್ದೇನೆ. ವರ್ಡಲ್ ಆಟದ ಮೂಲ ಉತ್ತರಪಟ್ಟಿಯಲ್ಲಿ 2315 ಪದಗಳಿದ್ದವು. ಅವುಗಳಲ್ಲಿ ಇ ಅಕ್ಷರ 1233 ಸಲ ಬರುತ್ತದೆ, ಕ್ಯೂ ಬರುವುದು 29 ಸಲ ಮಾತ್ರ. ಇ ಇರುವ ಪದಗಳನ್ನು ಕಲಿಯಹೊರಡುವುದು ಸಮುದ್ರವನ್ನು ಚೆಂಬಿನಲ್ಲಿ ಮೊಗೆಯುವ ಕೆಲಸ. ಕ್ಯೂ ಇರುವವನ್ನು ಎರಡು ಕೈಗಳ ಗೆಣ್ಣುಗಳಲ್ಲಿ ಎಣಿಸಿ ಮುಗಿಸಬಹುದು. ಕಡಿಮೆ ಇರುವುದರಿಂದಲೇ ಅದರ ನಡೆನುಡಿ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಅದರಲ್ಲಿ ಪಳಗಿದ ಕೈ ಉಳಿದ ಅಕ್ಷರಗಳಿಗೂ ಬರುತ್ತದೆ.

ಮೊದಲು ಎಣಿಕೆಯ ಲೆಕ್ಕ ಸರಿಯಾಗಲಿ

ಕನ್ನಡಿಗರು ಈ ಕೆಲಸದಲ್ಲಿ ಎಡವುವ ಮೊದಲ ಜಾಗ ಎಣಿಕೆ. ನಮ್ಮ ಪದಬಂಧದಲ್ಲಿ ಒತ್ತಕ್ಷರಕ್ಕೂ ಒಂದೇ ಮನೆ, ಗುಣಿತಾಕ್ಷರಕ್ಕೂ ಒಂದೇ ಮನೆ. ಆದ್ದರಿಂದ ರಾಣಿ ಎಂಬ ಅರ್ಥದ ಕ್ವೀನ್ ನಮ್ಮ ಕಣ್ಣಿಗೆ ಎರಡೇ ಅಕ್ಷರದ ಪದ: ಕ್ವೀ ಒಂದು, ನ್ ಇನ್ನೊಂದು. ಇಂಗ್ಲಿಷಿನಲ್ಲಿ ಅದು ಕ್ಯೂ-ಯು-ಇ-ಇ-ಎನ್ ಎಂದು ಐದು ಮನೆಗಳನ್ನು ತುಂಬುತ್ತದೆ. ನಾವು ಒಂದೇ ಏಟಿಗೆ ಉಚ್ಚರಿಸುವ ಕ್ವೀ ಎಂಬುದನ್ನು ಬರೆಯಲು ಅವರಿಗೆ ನಾಲ್ಕು ಅಕ್ಷರ ಬೇಕು. ಹೀಗಾಗಿ ಪದದ ಸದ್ದನ್ನು ಕೇಳಿ ಉದ್ದ ಊಹಿಸುವ ಅಭ್ಯಾಸವನ್ನು ಬದಿಗಿಟ್ಟು, ಪ್ರತಿ ಪದದ ಕಾಗುಣಿತವನ್ನು ಬಾಯಿಬಿಟ್ಟು ಬಿಡಿಬಿಡಿಯಾಗಿ ಹೇಳಿಕೊಳ್ಳುವುದು, ಹೇಳುತ್ತಲೇ ಕಾಗದದ ಮೇಲೆ ಐದು ಮನೆ ಗೀಚಿ ಒಂದೊಂದಾಗಿ ತುಂಬುವುದು ಉತ್ತಮ. ಹಳೆ ಮೈಸೂರು ಕಡೆಯ ಚೌಕಾಬಾರದ ಪಟದಲ್ಲಿ ಒಂದು ಸಾಲಿಗೆ ಐದು ಮನೆ ಇರುತ್ತದಲ್ಲ, ಆ ಸಾಲನ್ನೇ ಕಣ್ಣಮುಂದೆ ಇಟ್ಟುಕೊಂಡರೆ ಸಾಕು.

ಹೀಗೆ ಎಣಿಸಿದಾಗ ಕ್ಯೂ ಇರುವುದೆಂದು ನಾವು ನಂಬಿಕೊಂಡ ಎಷ್ಟೋ ಪರಿಚಿತ ಪದಗಳು ಉದ್ದದ ಪರೀಕ್ಷೆಯಲ್ಲಿ ಬಿದ್ದುಹೋಗುತ್ತವೆ. ಬ್ಯಾಂಕಿನ ಚೆಕ್ ಸಿ-ಎಚ್-ಇ-ಕ್ಯೂ-ಯು-ಇ, ಆರು ಅಕ್ಷರ. ಮಸೀದಿಗೆ ಇಂಗ್ಲಿಷಿನಲ್ಲಿ ಹೇಳುವ ಮಾಸ್ಕ್ ಕೂಡ ಆರು, ಕಲ್ಲು ತೆಗೆಯುವ ಕ್ವಾರಿಯೂ ಆರು, ಯೂನಿಕ್ ಎಂಬುದೂ ಆರು. ಬೆಂಗಳೂರಿಗೆ ಬಹುಪ್ರಿಯವಾದ ಕ್ವಿಜ್ ನಾಲ್ಕಕ್ಕೇ ನಿಲ್ಲುತ್ತದೆ. ಆದರೆ ಬಿದ್ದ ಪದಗಳೆಲ್ಲ ನಿರುಪಯೋಗಿಯಲ್ಲ. ಎಸ್-ಕ್ಯೂ-ಯು ಎಂದು ಶುರುವಾಗುವ ಆರಕ್ಷರದ ಪದದ ಮುಂದಿನ ಎಸ್ ಅನ್ನು ಕಳಚಿ ನೋಡಿ: ಸ್ಕ್ವಾಷ್ ಹೋಗಿ ಕ್ವಾಷ್ ಉಳಿಯುತ್ತದೆ, ಅಂದರೆ ನ್ಯಾಯಾಲಯವು ಒಂದು ಆದೇಶವನ್ನು ರದ್ದುಪಡಿಸುವುದು; ಸ್ಕ್ವಾಯರ್ ಎಂಬ ಜಮೀನುದಾರ ಹೋಗಿ ಕ್ವಾಯರ್ ಉಳಿಯುತ್ತದೆ, ಕ್ಯೂ-ಯು-ಐ-ಆರ್-ಇ, ಅಂದರೆ ಅಂಗಡಿಯಲ್ಲಿ ನಾವು ಕೇಳುವ 24 ಹಾಳೆಯ ಒಂದು ದಸ್ತು ಕಾಗದ.

ಯು ಏಕೆ ಬೆನ್ನು ಬಿಡುವುದಿಲ್ಲ

ಕ್ಯೂ ಬಂದಲ್ಲಿ ಅದರ ಬೆನ್ನಿಗೆ ಯು ಬರುತ್ತದೆ ಎಂದು ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಏಕೆ ಎಂದು ಹೇಳಿಕೊಡುವುದು ಕಡಿಮೆ, ಆದರೆ ಕಾರಣ ತಿಳಿದರೆ ಪದಗಳು ಹೆಚ್ಚು ಕಾಲ ನೆನಪಿನಲ್ಲಿ ನಿಲ್ಲುತ್ತವೆ. ಇಟಲಿಯ ಪ್ರಾಚೀನ ಜನರಾದ ಎಟ್ರುಸ್ಕನ್ನರಿಂದ ಲಿಪಿ ಪಡೆದ ಆರಂಭಕಾಲದ ಲ್ಯಾಟಿನ್ನಿನಲ್ಲಿ ಒಂದೇ ಕಕಾರಕ್ಕೆ ಮೂರು ಅಕ್ಷರಗಳಿದ್ದವು. ಬೆನ್ನಿಗೆ ಎ ಬಂದರೆ ಕೆ, ಇ ಅಥವಾ ಐ ಬಂದರೆ ಸಿ, ಯು ಅಥವಾ ಓ ಬಂದರೆ ಕ್ಯೂ ಎಂಬುದು ಸ್ಥೂಲವಾದ ಹಂಚಿಕೆ. ಕಾಲಕ್ರಮದಲ್ಲಿ ಸಿ ಅಕ್ಷರವೇ ಎಲ್ಲ ಕಡೆಗೂ ಹಬ್ಬಿಕೊಂಡಿತು. ಕ್ಯೂ ಮಾತ್ರ ಯು ಜೊತೆಗೂಡಿ ಕ್ವ ಎಂಬ ಸದ್ದಿಗೆ ಮೀಸಲಾಗಿ ಉಳಿಯಿತು.

ಹಳೆಯ ಇಂಗ್ಲಿಷಿಗೆ ಈ ಜೋಡಿಯ ಅಗತ್ಯವೇ ಇರಲಿಲ್ಲ. ಅಲ್ಲಿ ಕ್ವ ಸದ್ದನ್ನು ಸಿ-ಡಬ್ಲ್ಯು ಎಂದು ಬರೆಯುತ್ತಿದ್ದರು. ರಾಣಿ ಎಂಬ ಪದ ಸಿ-ಡಬ್ಲ್ಯು-ಇ-ಎನ್ ಆಗಿತ್ತು, ಕ್ವಿಕ್ ಎಂಬುದು ಸಿ-ಡಬ್ಲ್ಯು-ಐ-ಸಿ ಆಗಿತ್ತು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯಲ್ಲಿ ತರಬೇತಾದ ಲಿಪಿಕಾರರು ತಮ್ಮ ರೂಢಿಯಂತೆ ಕ್ಯೂ-ಯು ಬಳಸತೊಡಗಿದರು, ಅಪ್ಪಟ ಇಂಗ್ಲಿಷ್ ಪದಗಳೂ ಫ್ರೆಂಚ್ ಅಂಗಿ ತೊಟ್ಟುಕೊಂಡವು. ಕ್ವೀನ್, ಕ್ವಿಕ್, ನಡುಗುವುದು ಎಂಬ ಅರ್ಥದ ಕ್ವೇಕ್, ಅಡಗಿಸುವುದು ಎಂಬ ಅರ್ಥದ ಕ್ವೆಲ್, ಎಂದನು ಎಂಬ ಹಳೆಯ ರೂಪವಾದ ಕ್ವೋತ್ ಇವೆಲ್ಲ ಆ ಮನೆತನದವು. ಕ್ವಿಕ್ ಪದದ ಹಳೆಯ ಅರ್ಥ ಜೀವಂತ ಎಂದು. ಪಾದರಸಕ್ಕೆ ಇಂಗ್ಲಿಷಿನಲ್ಲಿ ಕ್ವಿಕ್‌ಸಿಲ್ವರ್ ಎಂಬ ಹೆಸರು ಬಂದದ್ದು ಅದು ಜೀವವಿರುವ ಬೆಳ್ಳಿಯಂತೆ ಓಡಾಡುವುದರಿಂದ. ಕ್ವಯಟ್, ಕ್ವೆಸ್ಟ್, ಕ್ವೆರಿ, ಕ್ವೋಟ್, ಕ್ವಾರ್ಟ್, ಈಕ್ವಲ್ ಮುಂತಾದವು ಲ್ಯಾಟಿನ್ ಕಡೆಯಿಂದ, ಹಲವು ಫ್ರೆಂಚ್ ಮೂಲಕ, ಬಂದ ನೆಂಟರು. ಈ ಎರಡು ಬಣಗಳನ್ನು ಬೇರೆಬೇರೆ ಪುಟದಲ್ಲಿ ಬರೆದುಕೊಂಡರೆ ಮನಸ್ಸಿನಲ್ಲಿ ಎರಡು ಗೂಟಗಳಾಗುತ್ತವೆ, ಪದಗಳನ್ನು ನೇತುಹಾಕಲು ಅನುಕೂಲ.

ಮನೆಗಳ ಹಂಚಿಕೆ

ಈಗ ಮುಖ್ಯವಾದ ಹೆಜ್ಜೆಗೆ ಬರೋಣ. ಕ್ಯೂ ಒಂದು ಮನೆ, ಯು ಒಂದು ಮನೆ ಹಿಡಿದ ಮೇಲೆ ಉಳಿಯುವುದು ಮೂರೇ ಮನೆ. ಆ ಜೋಡಿ ಐದು ಮನೆಗಳ ಸಾಲಿನಲ್ಲಿ ನಾಲ್ಕು ಕಡೆ ಕೂರಬಹುದು; ವ್ಯವಹಾರದಲ್ಲಿ ಅದು ಕೂರುವುದು ಮೂರು ಕಡೆ. ಮೂಲ ವರ್ಡಲ್ ಪಟ್ಟಿಯ 29 ಪದಗಳ ಪೈಕಿ 23ರಲ್ಲಿ ಕ್ಯೂ ಮೊದಲ ಮನೆಯಲ್ಲಿದೆ, ಐದರಲ್ಲಿ ಎರಡನೆಯ ಮನೆಯಲ್ಲಿದೆ, ಒಂದರಲ್ಲಿ ಮಾತ್ರ ಮೂರನೆಯ ಮನೆಯಲ್ಲಿದೆ. ವರ್ಡಲ್ ಆಟದಲ್ಲಿ ನಾವು ಹಾಕಿದ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರಾಗುತ್ತದೆ, ಉತ್ತರದ ಬೇರೆ ಮನೆಯದಾದರೆ ಹಳದಿಯಾಗುತ್ತದೆ, ಉತ್ತರದಲ್ಲಿ ಇಲ್ಲದಿದ್ದರೆ ಬೂದಾಗುತ್ತದೆ. ಹಳದಿ ಬಣ್ಣದಲ್ಲಿ ಕ್ಯೂ ಕಂಡು, ಅದು ಎಲ್ಲಿರಬಹುದೆಂದು ತಲೆ ಕೆರೆದುಕೊಳ್ಳುವವರಿಗೆ ಈ ಒಂದು ಲೆಕ್ಕವೇ ಅರ್ಧ ಉತ್ತರ.

ಚಿಕ್ಕ ಗುಂಪುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಎರಡನೆಯ ಮನೆಯಲ್ಲಿ ಕ್ಯೂ ಬರಬೇಕಾದರೆ ಅದರ ಮುಂದೆ ಸಾಮಾನ್ಯವಾಗಿ ಎಸ್ ಅಥವಾ ಇ ಇರುತ್ತದೆ. ಎಸ್ ಕಡೆಯವು ಸ್ಕ್ವಾಡ್, ಸ್ಕ್ವಾಟ್, ಸ್ಕ್ವಿಬ್. ಇ ಕಡೆಯವು ಈಕ್ವಲ್, ಇಕ್ವಿಪ್. ಪಟ್ಟಿಯ ಐದು ಇವೇ. ಸ್ಕ್ರ್ಯಾಬಲ್ ಆಡುವವರು ಇವಕ್ಕೆ ಸ್ಕ್ವಿಡ್ ಎಂಬ ಸಮುದ್ರಜೀವಿಯನ್ನೂ, ಪಾರಿವಾಳದ ಮರಿ ಎಂಬ ಅರ್ಥದ ಸ್ಕ್ವಾಬ್ ಅನ್ನೂ ಸೇರಿಸಿಕೊಳ್ಳಬಹುದು. ಮೂರನೆಯ ಮನೆಯ ಕ್ಯೂ ಫ್ರೆಂಚ್ ಬಾಲವಿರುವ ಪದಗಳದ್ದು. ಅಲ್ಲಿ ಕೊನೆಯ ಮೂರು ಮನೆ ಕ್ಯೂ-ಯು-ಇ ಎಂದು ಮೊದಲೇ ತುಂಬಿಹೋಗಿರುತ್ತದೆ, ಸದ್ದು ಬರೀ ಕ್. ಮುನಿಸು ಎಂಬ ಅರ್ಥದ ಪೀಕ್, ಪಿ-ಐ-ಕ್ಯೂ-ಯು-ಇ, ಇದಕ್ಕೆ ಮಾದರಿ. ಬಾಣಸಿಗರ ಎತ್ತರದ ಬಿಳಿ ಟೋಪಿಗೆ ಹೇಳುವ ಟೋಕ್, ಟಿ-ಓ-ಕ್ಯೂ-ಯು-ಇ, ಅದೇ ಅಚ್ಚಿನದು. ಬೆಟ್ಟದ ತುದಿ ಎಂಬ ಅರ್ಥದ ಪೀಕ್ ಕೂಡ ಇದೇ ಸದ್ದಿನದಾದ್ದರಿಂದ ಮುನಿಸಿನ ಪೀಕ್ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಮೊದಲ ಮನೆಯ 23 ಪದಗಳೇ ನಿಜವಾದ ಗದ್ದೆ. ಇಲ್ಲಿ ಕ್ಯೂ ಮತ್ತು ಯು ಆದ ಮೇಲೆ ಮೂರನೆಯ ಮನೆಯಲ್ಲಿ ಸ್ವರ ಬರಲೇಬೇಕು, ಏಕೆಂದರೆ ಕ್ಯೂ ಜೊತೆಗಿರುವ ಯು ಇಲ್ಲಿ ಸ್ವರದ ಕೆಲಸ ಮಾಡುವುದಿಲ್ಲ, ನಮ್ಮ ವಕಾರದ ಒತ್ತಿನ ಕೆಲಸ ಮಾಡುತ್ತದೆ. ಆದ್ದರಿಂದ ಗುಂಪು ತಾನಾಗಿ ನಾಲ್ಕು ಹೋಳಾಗುತ್ತದೆ. ಎ ಬಂದವು ಎಂಟು: ಕ್ವ್ಯಾಕ್, ಕ್ವೇಲ್, ಕ್ವೇಕ್, ಕ್ವಾಮ್, ಕ್ವಾರ್ಕ್, ಕ್ವಾರ್ಟ್, ಕ್ವಾಷ್, ಕ್ವಾಸಿ. ಇ ಬಂದವು ಆರು: ಕ್ವೀನ್, ಕ್ವಿಯರ್, ಕ್ವೆಲ್, ಕ್ವೆರಿ, ಕ್ವೆಸ್ಟ್, ಮತ್ತು ಸಾಲು ಎಂಬ ಅರ್ಥದ ಕ್ಯೂ. ಐ ಬಂದವೂ ಆರು: ಕ್ವಿಕ್, ಕ್ವಯಟ್, ಹಕ್ಕಿಯ ಗರಿಯಾದ ಕ್ವಿಲ್, ಹೊದೆಯುವ ಕ್ವಿಲ್ಟ್, ವಿಚಿತ್ರ ಅಭ್ಯಾಸವಾದ ಕ್ವಿರ್ಕ್, ಮತ್ತು ಕ್ವೈಟ್. ಓ ಬಂದವು ಮೂರೇ: ಕೋಟಾ, ಕ್ವೋಟ್, ಕ್ವೋತ್. ಎಂಟು, ಆರು, ಆರು, ಮೂರು ಎಂಬ ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಂಡರೆ ಯಾವುದೋ ಒಂದು ಪದ ತಪ್ಪಿಸಿಕೊಂಡಿದೆ ಎಂಬುದಾದರೂ ತಕ್ಷಣ ಗೊತ್ತಾಗುತ್ತದೆ. ಮನೆಯ ಮಕ್ಕಳನ್ನು ಊಟಕ್ಕೆ ಕೂರಿಸಿ ತಲೆ ಎಣಿಸುವ ಹಾಗೆ.

ಒಂದು ಆಟವನ್ನು ಹತ್ತಿರದಿಂದ ನೋಡೋಣ. ಕ್ಯೂ, ಯು, ಐ ಮೂರೂ ಹಸಿರಾಗಿವೆ, ಕೊನೆಯ ಎರಡು ಮನೆ ಖಾಲಿ, ಮುಂದಿರುವುದು ಆರು ಪದ ಎಂದುಕೊಳ್ಳಿ. ಮನಸ್ಸಿಗೆ ಮೊದಲು ಬರುವುದು ಕ್ವಿಕ್. ಆದರೆ ಅದನ್ನು ಹಾಕಿ ತಪ್ಪಾದರೆ, ಸಿ ಮತ್ತು ಕೆ ಅಕ್ಷರಗಳಿಂದ ಸಿಗುವ ಸುಳಿವು ಬಹಳ ಕಡಿಮೆ. ಅದರ ಬದಲು ಕ್ವಿಲ್ಟ್, ಕ್ಯೂ-ಯು-ಐ-ಎಲ್-ಟಿ, ಹಾಕಿ. ಎಲ್ ಮತ್ತು ಟಿ ಎರಡೂ ಹಸಿರಾದರೆ ಅದೇ ಉತ್ತರ. ಎಲ್ ಮಾತ್ರ ಹಸಿರಾದರೆ ಕ್ವಿಲ್. ಟಿ ಮಾತ್ರ ಹಸಿರಾದರೆ ಕ್ವಯಟ್, ಟಿ ಹಳದಿಯಾದರೆ ಕ್ವೈಟ್. ಎರಡೂ ಬೂದುಬಣ್ಣಕ್ಕೆ ತಿರುಗಿದರೆ ಉಳಿಯುವುದು ಕ್ವಿಕ್ ಮತ್ತು ಕ್ವಿರ್ಕ್ ಎರಡೇ. ಒಂದೇ ಯತ್ನ ಆರು ಪದಗಳನ್ನು ಐದು ಗೂಡಿಗೆ ಹಂಚಿಬಿಟ್ಟಿತು. ಎ ಗುಂಪಿನಲ್ಲಿ ಇದೇ ಕೆಲಸವನ್ನು ಕ್ವಾರ್ಕ್ ಮಾಡುತ್ತದೆ. ಅದರ ಕೆ ಹಸಿರಾಗಿ ಆರ್ ಬೂದಾದರೆ ಬಾತುಕೋಳಿಯ ಕೂಗಾದ ಕ್ವ್ಯಾಕ್, ಕೆ ಹಳದಿಯಾದರೆ ಕ್ವೇಕ್, ಆರ್ ಮಾತ್ರ ಹಸಿರಾದರೆ ಕ್ವಾರ್ಟ್. ಎರಡೂ ಬೂದಾದರೆ ಮುಂದಿನ ಯತ್ನಕ್ಕೆ ಕ್ವೇಲ್, ಕ್ಯೂ-ಯು-ಎ-ಐ-ಎಲ್, ಹಾಕಬೇಕು. ಎಲ್ ಹಳದಿಯಾದರೆ ಕ್ವಾಮ್, ಐ ಹಳದಿಯಾದರೆ ಕ್ವಾಸಿ, ಎರಡೂ ಬೂದಾದರೆ ಕ್ವಾಷ್. ಎಂಟೂ ಪದಗಳು ಹೆಚ್ಚೆಂದರೆ ಮೂರನೆಯ ಯತ್ನಕ್ಕೆ ಕೈಗೆ ಸಿಗುತ್ತವೆ. ಇ ಗುಂಪಿಗೆ ಕ್ವಿಯರ್ ಪದ ಇಂಥದೇ ಜರಡಿ. ಅದನ್ನು ನೀವೇ ಒಮ್ಮೆ ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು.

ಕಿವಿಯನ್ನು ಎಷ್ಟು ನಂಬಬೇಕು

ಪದದ ಆರಂಭದಲ್ಲಿ ಕ್ವ ಕೇಳಿಸಿದರೆ ಕ್ಯೂ ಇದೆ ಎಂದುಕೊಳ್ಳುವುದು ಬಹುಪಾಲು ಸರಿಹೋಗುತ್ತದೆ. ಐದಕ್ಷರದಲ್ಲಿ ಮೋಸ ಮಾಡುವ ಒಂದು ಪದ ಮಾತ್ರ ನೆನಪಿನಲ್ಲಿರಲಿ. ಚರ್ಚಿನ ಗಾಯಕವೃಂದಕ್ಕೆ ಹೇಳುವ ಕ್ವಾಯರ್‌ನ ಕಾಗುಣಿತ ಸಿ-ಎಚ್-ಓ-ಐ-ಆರ್. ಸದ್ದಿನಲ್ಲಿ ಅದು ಕಾಗದದ ದಸ್ತಿನ ಅವಳಿ, ಬರಹದಲ್ಲಿ ಕ್ಯೂ ಸುಳಿವೇ ಇಲ್ಲ. ಇದಕ್ಕೆ ವಿರುದ್ಧವಾಗಿ, ಇರುವ ಕ್ಯೂವನ್ನು ನಮ್ಮ ಉಚ್ಚಾರಣೆ ಮರೆಮಾಚುವುದೂ ಉಂಟು. ಸೀಟು ಹಂಚಿಕೆಯ ಸುದ್ದಿಯಲ್ಲಿ ದಿನವೂ ಓದುವ ಕೋಟಾ ಪದದಲ್ಲಿ ನಾವು ವಕಾರವನ್ನು ಬಿಟ್ಟೇಬಿಟ್ಟಿದ್ದೇವೆ; ಕೊಟೇಷನ್ ತರಿಸಿಕೊಳ್ಳುವಾಗಲೂ ಅಷ್ಟೇ. ಹೀಗಾಗಿ ಕೋಟಾದ ಮೊದಲಕ್ಷರ ಕ್ಯೂ ಎಂಬುದು ಕಿವಿಯಿಂದ ತಿಳಿಯುವುದಿಲ್ಲ. ಕ್ವಾಮ್ ಎಂಬಲ್ಲಿ ಇನ್ನೊಂದು ತೊಡಕಿದೆ. ಅಳುಕು ಎಂಬ ಅರ್ಥದ ಈ ಪದದಲ್ಲಿ ಎಲ್ ಅಕ್ಷರ ಬರಹಕ್ಕೆ ಮಾತ್ರ ಉಂಟು, ಬಾಯಿಗೆ ಇಲ್ಲ. ಉಚ್ಚಾರಣೆಯಂತೆ ಬರೆದವರಿಗೆ ಒಂದು ಮನೆ ಖಾಲಿ ಉಳಿದು ಪದ ಉದ್ದಕ್ಕೆ ಕೂಡಿಬರುವುದಿಲ್ಲ.

ಸಾಲು ಎಂಬ ಅರ್ಥದ ಕ್ಯೂ ಇವೆಲ್ಲಕ್ಕಿಂತ ತಮಾಷೆಯದು. ನ್ಯಾಯಬೆಲೆ ಅಂಗಡಿಯಿಂದ ದೇವಸ್ಥಾನದವರೆಗೆ ನಾವು ನಿಲ್ಲುವ ಕ್ಯೂ, ಸದ್ದಿನಲ್ಲಿ ಆ ಅಕ್ಷರದ ಹೆಸರೇ ಆಗಿದೆ. ಬರಹದಲ್ಲಿ ಅದರ ಹಿಂದೆ ಯು-ಇ-ಯು-ಇ ಎಂದು ನಾಲ್ಕು ಅಕ್ಷರಗಳು ಬಾಯಿಮುಚ್ಚಿಕೊಂಡು ಸಾಲುಗಟ್ಟಿ ನಿಂತಿವೆ. ಯು-ಇ ಎಂಬುದನ್ನು ಎರಡು ಸಲ ಹೇಳಿಕೊಂಡರೆ ಕಾಗುಣಿತ ಮತ್ತೆಂದೂ ತಪ್ಪದು.

ಕ್ವಯಟ್ ಮತ್ತು ಕ್ವೈಟ್ ಪದಗಳ ಗೊಂದಲಕ್ಕೆ ಇನ್ನಷ್ಟು ಜಾಗ ಕೊಡಬೇಕಾಗಿದೆ. ನಾನು ವಿದ್ಯಾರ್ಥಿಯಾಗಿದ್ದಾಗ ಹೋಗುತ್ತಿದ್ದ ಗ್ರಂಥಾಲಯವೊಂದರ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೌನವಾಗಿರಿ ಎಂದು ಇಂಗ್ಲಿಷಿನಲ್ಲಿ ಬರೆಸಿದ್ದರು. ಕೊನೆಯ ಎರಡಕ್ಷರ ಅದಲುಬದಲಾಗಿ ಅದು ಕೀಪ್ ಕ್ವೈಟ್ ಎಂದಾಗಿತ್ತು. ವರ್ಷಗಟ್ಟಲೆ ಅದನ್ನು ನೋಡಿದ್ದರಿಂದಲೇ ಇರಬೇಕು, ಪರೀಕ್ಷೆಯ ಪ್ರಬಂಧದಲ್ಲಿ ನಾನೂ ಹಾಗೆಯೇ ಬರೆದು ಕೆಂಪು ಗೆರೆ ಎಳೆಸಿಕೊಂಡಿದ್ದೆ. ಎರಡೂ ಪದಗಳಲ್ಲಿರುವುದು ಅವೇ ಐದು ಅಕ್ಷರ. ಕೊನೆಯ ಎರಡು ಮನೆಗಳು ಇ-ಟಿ ಆದರೆ ಮೌನ, ಟಿ-ಇ ಆದರೆ ಸಾಕಷ್ಟು ಎಂಬ ಅರ್ಥ. ನೆನಪಿಗೆ ಒಂದು ದಾರಿಯೆಂದರೆ ಕನ್ನಡದ ಉಚ್ಚಾರಣೆಯನ್ನೇ ಹಿಡಿಯುವುದು. ಕ್ವ-ಯ-ಟ್ ಎಂದು ಎಳೆದು ಹೇಳಿದಾಗ ಟಕಾರ ಕೊನೆಗೆ ಬಂದು ಬಾಯಿ ಮುಚ್ಚಿಸುತ್ತದೆ. ಬರಹದಲ್ಲೂ ಟಿ ಕೊನೆಯಲ್ಲೇ ಇದೆ.

ಯು ಇಲ್ಲದ ಕ್ಯೂ

ವರ್ಡಲ್ ಆಟದ ಮೂಲ ಉತ್ತರಪಟ್ಟಿಯಲ್ಲಿ ಯು ಬೆನ್ನಿಗಿಲ್ಲದ ಕ್ಯೂ ಒಂದೂ ಇಲ್ಲ. ಸ್ಕ್ರ್ಯಾಬಲ್ ಆಡುವವರಿಗೆ ಮಾತ್ರ ಇದು ಅಕ್ಷರಶಃ ಜೀವನ್ಮರಣದ ವಿಷಯ. ಆ ಆಟದ ಇಂಗ್ಲಿಷ್ ಬಿಲ್ಲೆಗಳು 100. ಅವುಗಳಲ್ಲಿ ಕ್ಯೂ ಒಂದೇ, ಅದರ ಬೆಲೆ 10, ಯು ಇರುವುದು ನಾಲ್ಕು. ನಾಲ್ಕೂ ಯು ಎದುರಾಳಿಗಳ ಪಾಲಾದಾಗ ಕೈಯಲ್ಲಿ ಉಳಿದ ಕ್ಯೂ ಬಿಸಿತುಪ್ಪವಾಗುತ್ತದೆ. ಆಗ ನೆರವಿಗೆ ಬರುವ ಐದಕ್ಷರದ ಪದಗಳಲ್ಲಿ ಹೆಚ್ಚಿನವು ಅರಬ್ಬಿ ಮೂಲದವು, ಕನ್ನಡಿಗರಿಗೆ ಆಗಲೇ ಪರಿಚಯವಿರುವವು: ತಲಾಖ್, ಫಕೀರ, ನಿಖಾಬ್, ಬುರ್ಖಾ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಹೊರಡುವ ಕಾಫ್ ಎಂಬ ಅಕ್ಷರವನ್ನು ಸಾಧಾರಣ ಕಕಾರದಿಂದ ಬೇರೆಯಾಗಿ ತೋರಿಸಲು ಇಂಗ್ಲಿಷಿನವರು ಕ್ಯೂ ಬಳಸುತ್ತಾರೆ, ಅದರ ಬೆನ್ನಿಗೆ ಯು ಹಾಕುವ ಪ್ರಮೇಯವಿಲ್ಲ. ಹಾಗಾಗಿ ತಲಾಖ್ ಅಲ್ಲಿ ಟಿ-ಎ-ಎಲ್-ಎ-ಕ್ಯೂ ಆಗಿ 14 ಅಂಕ ತರುತ್ತದೆ, ಫಕೀರ ಎಫ್-ಎ-ಕ್ಯೂ-ಐ-ಆರ್ ಆಗಿ 17 ಅಂಕ ತರುತ್ತಾನೆ. ಎನ್-ಐ-ಕ್ಯೂ-ಎ-ಬಿ ಮತ್ತು ಬಿ-ಯು-ಆರ್-ಕ್ಯೂ-ಎ ಎರಡಕ್ಕೂ 16. ಬುರ್ಖಾದಲ್ಲಿ ಯು ಇದೆಯಾದರೂ ಅದು ಕ್ಯೂವಿನ ಹಿಂದಿಲ್ಲ, ಎರಡು ಮನೆ ಮುಂದಿದೆ ಎಂಬುದನ್ನು ಗಮನಿಸಿ. ಫಕೀರ ಮತ್ತು ಬುರ್ಖಾಗಳನ್ನು ಕೆ ಹಾಕಿ ಬರೆಯುವ ರೂಢಿಯೂ ಇಂಗ್ಲಿಷಿನಲ್ಲಿ ಇರುವುದರಿಂದ, ಪತ್ರಿಕೆಯಲ್ಲಿ ನೋಡಿದ ಕಾಗುಣಿತವನ್ನೇ ನಂಬಿ ಕುಳಿತರೆ ಕ್ಯೂ ಇರುವ ರೂಪ ಹೊಳೆಯದೆ ಹೋಗಬಹುದು.

ಈ ಕಾಫ್ ನಮ್ಮ ದಿನಬಳಕೆಯ ಕನ್ನಡದೊಳಗೂ ಮಾರುವೇಷದಲ್ಲಿ ಇದೆ. ಹಕ್ಕು, ಬಾಕಿ, ತಾಲ್ಲೂಕು, ಇಲಾಖೆ ಈ ನಾಲ್ಕೂ ಮೂಲದಲ್ಲಿ ಕಾಫ್ ಇದ್ದ ಪದಗಳು. ಕನ್ನಡಕ್ಕೆ ಬಂದ ಮೇಲೆ ಮೂರು ಕಕಾರವಾಗಿ, ಒಂದು ಖಕಾರವಾಗಿ ಒಗ್ಗಿಹೋದವು. ಸರ್ಕಾರಿ ಕಚೇರಿಯ ಅರ್ಜಿಯೊಂದರಲ್ಲಿ ಎಷ್ಟು ಕಾಫ್ ಅಡಗಿರಬಹುದೆಂದು ಎಣಿಸುತ್ತಾ ಕೂತರೆ ಕ್ಯೂ ಮುಂದೆ ಸರಿಯುವವರೆಗೆ ಹೊತ್ತು ಹೋಗುತ್ತದೆ.

ಈ ಗುಂಪಿನಲ್ಲಿ ನನಗೆ ಹೆಚ್ಚು ಇಷ್ಟವಾದ ಪದ ಕನಾತ್, ಕ್ಯೂ-ಎ-ಎನ್-ಎ-ಟಿ. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ಇಳಿಜಾರಾಗಿ ಹರಿಸಿ ಊರಿಗೆ ತರುವ ಪರ್ಷಿಯಾದ ಪದ್ಧತಿಯ ಹೆಸರದು. ಬರಿಯ ಪಟ್ಟಿಯಲ್ಲಿ ನೋಡಿದರೆ ಇದು ಯಾರಿಗೂ ನೆನಪಿನಲ್ಲಿ ಉಳಿಯುವ ಪದವಲ್ಲ. ಆದರೆ ಬೀದರಿನ ನೌಬಾದ್ ಬಳಿ ಬಹಮನಿ ಸುಲ್ತಾನರ ಕಾಲದ್ದಾದ ಇಂಥದೇ ಕರೇಜ್ ಇದೆ, ಸುರಂಗದ ಉದ್ದಕ್ಕೂ ಗಾಳಿ ಬೆಳಕಿಗಾಗಿ ತೋಡಿದ ಬಾವಿಗಳಿವೆ, ಸ್ಥಳೀಯರು ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಕರೇಜ್ ಮತ್ತು ಕನಾತ್ ಒಂದೇ ವ್ಯವಸ್ಥೆಯ ಎರಡು ಹೆಸರು. ಆ ಬಾವಿಯಲ್ಲಿ ಒಮ್ಮೆ ಇಣುಕಿದವರಿಗೆ ಕ್ಯೂ-ಎ-ಎನ್-ಎ-ಟಿ ಮರೆಯುವುದು ಕಷ್ಟ. ಅರಬ್ಬಿಗೆ ಸಂಬಂಧವಿಲ್ಲದ ಇನ್ನೊಂದು ಪದ ಟ್ರ್ಯಾಂಕ್, ಟಿ-ಆರ್-ಎ-ಎನ್-ಕ್ಯೂ. ಮನಸ್ಸನ್ನು ಶಾಂತಗೊಳಿಸುವ ಔಷಧಿಯಾದ ಟ್ರ್ಯಾಂಕ್ವಿಲೈಸರ್ ಪದವನ್ನು ಯು ಬರುವ ಮೊದಲೇ ಕತ್ತರಿಸಿದ್ದರಿಂದ ಆದದ್ದು.

ನೋಟುಪುಸ್ತಕ ಮಾಡುವ ಕ್ರಮ

ನಿಘಂಟಿನ ಕ್ಯೂ ವಿಭಾಗ ಸಾಮಾನ್ಯವಾಗಿ ಕೆಲವೇ ಪುಟಗಳಷ್ಟಿರುತ್ತದೆ. ಒಂದು ಮಧ್ಯಾಹ್ನ ಕೂತು ಬೆರಳಿಟ್ಟು ಓದಿ, ಐದಕ್ಷರದವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುವುದೇ ನನಗೆ ಹಿಡಿಸಿದ ದಾರಿ. ಮೊದಲ ಮನೆಯಲ್ಲಿ ಕ್ಯೂ ಇಲ್ಲದ ಪದಗಳು ಹೀಗೆ ಸಿಗುವುದಿಲ್ಲ. ಅವಕ್ಕೆ ಪದ ಹುಡುಕುವ ಜಾಲತಾಣಗಳು ಬೇಕು. ಅಂಥ ಹಲವು ತಾಣಗಳಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಎಂದರೆ ಯಾವುದೋ ಒಂದು ಅಕ್ಷರ ಎಂದು ಲೆಕ್ಕ. ಎರಡು ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಕ್ಯೂ-ಯು-ಇ ಎಂದು ಒತ್ತಿದರೆ ಪೀಕ್ ಕುಟುಂಬ ಹೊರಬರುತ್ತದೆ. ಬಂದದ್ದನ್ನೆಲ್ಲ ನಕಲು ಮಾಡಿಕೊಳ್ಳದೆ, ಅರ್ಥ ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆದು ಅರ್ಥವನ್ನು ಕನ್ನಡದಲ್ಲೇ, ಎರಡು ಮೂರು ಮಾತಿನಲ್ಲಿ ಪಕ್ಕಕ್ಕೆ ಬರೆಯಿರಿ. ಅರ್ಥವಿಲ್ಲದ ಅಕ್ಷರಗಳ ಸರ ವಾರದೊಳಗೆ ಉದುರಿಹೋಗುತ್ತದೆ.

ಬಹುವಚನದ ಪದಗಳನ್ನು ಬೇರೆ ಪುಟದಲ್ಲಿಡಬೇಕು. ನಾಲ್ಕಕ್ಷರದ ಕ್ವಿಪ್, ಕ್ವಾಡ್‌ಗಳಿಗೂ, ಕೀ ಎಂದು ಉಚ್ಚರಿಸುವ ಹಡಗುಕಟ್ಟೆಯ ಪದಕ್ಕೂ ಎಸ್ ಸೇರಿಸಿದರೆ ಐದಕ್ಷರವಾಗುತ್ತದೆ. ಸ್ಕ್ರ್ಯಾಬಲ್‌ಗೆ ಇವು ನಡೆಯುತ್ತವೆ. ವರ್ಡಲ್ ಇವನ್ನು ಯತ್ನವಾಗಿ ಒಪ್ಪಿಕೊಂಡರೂ, ನಾಲ್ಕಕ್ಷರಕ್ಕೆ ಎಸ್ ಅಂಟಿಸಿದ ಸಾದಾ ಬಹುವಚನಗಳನ್ನು ಮೂಲ ಉತ್ತರಪಟ್ಟಿಯಿಂದ ಹೊರಗಿಟ್ಟಿತ್ತು. ಹೀಗಾಗಿ ಯಾವ ಆಟಕ್ಕೆ ಸಿದ್ಧವಾಗುತ್ತಿದ್ದೀರಿ ಎಂಬುದರ ಮೇಲೆ ಈ ಪುಟದ ಬೆಲೆ ನಿಲ್ಲುತ್ತದೆ. ಪುಟಗಳು ಸಿದ್ಧವಾದ ಮೇಲೆ ಅವನ್ನು ಮತ್ತೆಮತ್ತೆ ಓದುವುದಕ್ಕಿಂತ, ಮುಚ್ಚಿಟ್ಟು ಖಾಲಿ ಹಾಳೆಯ ಮೇಲೆ ಎಂಟು, ಆರು, ಆರು, ಮೂರು ಎಂದು ಬರೆದುಕೊಂಡು ನೆನಪಿನಿಂದ ತುಂಬುವುದು ಹೆಚ್ಚು ಫಲ ಕೊಡುತ್ತದೆ. ತುಂಬದೆ ಉಳಿದ ಮನೆಗಳಷ್ಟನ್ನೇ ಮರುದಿನ ನೋಡಿಕೊಂಡರಾಯಿತು. ನನಗೆ ಪ್ರತಿ ಸಲವೂ ತಪ್ಪಿಹೋಗುತ್ತಿದ್ದದ್ದು ಕ್ವಾಸಿ. ಅಲ್ಪಸ್ವಲ್ಪ ಹೋಲುವ ಎಂಬ ಅರ್ಥದ ಆ ಪದ ಬೇರೆ ಪದಗಳಿಗೆ ಅಂಟಿಕೊಂಡೇ ಬರುವುದರಿಂದ ಅದು ಒಂಟಿಯಾಗಿಯೂ ಐದು ಮನೆ ತುಂಬಬಲ್ಲದು ಎಂದು ತೋಚುತ್ತಿರಲಿಲ್ಲ.

ಕ್ಯೂ ಪಳಗಿದ ಮೇಲೆ ಮುಂದಿನ ಅಕ್ಷರಕ್ಕೆ ಹೋಗುವಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ: ಇದು ಯಾವ ಮನೆಗೆ ಹೋಗುವುದಿಲ್ಲ, ಯಾರ ಪಕ್ಕ ಬಿಡುವುದಿಲ್ಲ. ವಿ ಅಕ್ಷರ ಸಾಮಾನ್ಯವಾಗಿ ಇಂಗ್ಲಿಷ್ ಪದದ ಕೊನೆಯ ಮನೆಯಲ್ಲಿ ಕೂರಲು ಒಪ್ಪುವುದಿಲ್ಲ, ಸದ್ದು ಅಲ್ಲೇ ಮುಗಿದರೂ ಹಿಂದೊಂದು ಇ ಬೇಕು. ಸಾಲ್ವ್, ನರ್ವ್, ಬ್ರೇವ್ ಎಲ್ಲವೂ ಹಾಗೆ ಐದಾದವು. ಹೀಗಾಗಿ ವಿ ಸದ್ದಿನಿಂದ ಮುಗಿಯುವ ಪದ ಎಂದು ಗೊತ್ತಾದ ಕ್ಷಣ ನಾಲ್ಕನೆಯ ಮತ್ತು ಐದನೆಯ ಮನೆ ಎರಡೂ ತುಂಬಿದಂತೆ. ಜೆ ಮೊದಲ ಮನೆಯನ್ನು ಬಿಟ್ಟು ಹೊರಡುವುದು ಅಪರೂಪ. ಮೂಲ ವರ್ಡಲ್ ಪಟ್ಟಿಯಲ್ಲಿ ಅದು ಕ್ಯೂವಿಗಿಂತಲೂ ಕಡಿಮೆ, 27 ಸಲ ಮಾತ್ರ ಬರುತ್ತದೆ. ಎರಡನೆಯ ನೋಟುಪುಸ್ತಕಕ್ಕೆ ಅದನ್ನೇ ಆರಿಸಿಕೊಳ್ಳಬಹುದು.